ಗುರೂಜಿ ಯಾರನ್ನು ಕೇಳಿದರು?

"ಇಲ್ಲೇ ಅದ, ನೋಡು ಪೂರ್ವಾ. ಮುಟ್ಟೇ ಇಲ್ಲ."

ಇಂದೂ ಫ್ರಿಜ್ಜಿನ ಬಾಗಿಲು ತೆಗೆದು, ಬೆಣ್ಣೆ ಇಡುವ ಖಾನೆಯಲ್ಲಿದ್ದ ಬಿಳಿ ಡಬ್ಬಿಯನ್ನು ಬೆರಳು ಮಾಡಿ ತೋರಿಸಿ, ಸರಿಯಾಗಿ ನೋಡುವುದಕ್ಕೂ ಬಿಡದೆ ಮುಚ್ಚಿಬಿಟ್ಟಳು. ಪ್ರಲ್ಹಾದನ ಇನ್ಸುಲಿನ್ ಪೆನ್ನುಗಳ ಡಬ್ಬಿ ಅದು. ಊಟದ ತಟ್ಟೆ ಮುಂದೆ ಬಂದರೂ ಆ ಸೂಜಿ ಚುಚ್ಚಿಕೊಳ್ಳದೆ ತುತ್ತು ಎತ್ತದ ಮನುಷ್ಯ ಸೋಮವಾರ ಬೆಳಿಗ್ಗೆ ಮನೆ ಬಿಟ್ಟವನು, ಗುರುವಾರವಾದರೂ ತಿರುಗಿ ಬಂದಿರಲಿಲ್ಲ.

ಜೇಜುರಿಯ ಖಂಡೋಬಾ ಗುಡಿಯ ಮೆಟ್ಟಿಲುಗಳ ಬುಡದಲ್ಲಿ ಅವನ ಸ್ಕೂಟರ್ ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಇಲ್ಲಿಯವರೆಗಿನ ಹುಡುಕಾಟದ ಗಳಿಕೆ ಇಷ್ಟೇ.

ಪೂರ್ವಾ ಪ್ರಲ್ಹಾದನ ತಂಗಿ. ಪುಣೆಯ ಡೆಕ್ಕನ್ ಭಾಗದ ಹಳೆಯ ಕಟ್ಟಡವೊಂದರಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು, ಮದುವೆಗೆ ನೋಡಿದ ಗಂಡಿನ ಸಂಬಳ ನಿಜವೇ, ಬಾಡಿಗೆಗೆ ಬರುವವನ ನಡತೆ ನೆಟ್ಟಗಿದೆಯೇ ಎಂದು ಪತ್ತೆ ಹಚ್ಚಿಕೊಡುವುದು ಅವಳ ಕಸುಬು. ಪುಣೆಯ ಎಷ್ಟೋ ಮನೆಗಳ ಕಪಾಟು ತೆಗೆದು ನೋಡಿದವಳು. ಅಣ್ಣನ ಮನೆಯ ಆ ಡಬ್ಬಿಯನ್ನು ಮಾತ್ರ ತೆಗೆದು ನೋಡಲಿಲ್ಲ. ವೈನಿ, ಅಣ್ಣನ ಹೆಂಡತಿ, ತಾನಾಗಿಯೇ ತೋರಿಸಿದ ಮೇಲೆ ಮತ್ತೆ ಕೈ ಹಾಕುವುದು ಯಾವ ಮರ್ಯಾದೆ ಎಂದುಕೊಂಡಳು.

"ಹಂಗಾದ್ರ ನಾಲ್ಕು ದಿನ ಆತು ವೈನಿ, ಔಷಧ ಇಲ್ಲದ." ಪೂರ್ವಾ ಬೆರಳು ಮಡಚಿ ಎಣಿಸಿದಳು. "ಹೊರಗ ಎಲ್ಲೆರೆ ಕೊಂಡಿರಬಹುದೇನು?"

"ನನಗೇನು ಗೊತ್ತವಾ." ಇಂದೂ ಅವಳ ಮುಖ ನೋಡಲಿಲ್ಲ. ಸೆರಗಿನಿಂದ ಒಲೆಯ ಕಟ್ಟೆ ಒರೆಸತೊಡಗಿದಳು. ಅಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಪಾತ್ರೆ ಒಣಗಿಸುವ ಜಾಳಿಗೆಯಲ್ಲಿ ಹೂವಿನ ಚಿತ್ರದ ಕಪ್ಪು, ಬಶಿ ಬೋರಲಾಗಿದ್ದವು. ಮನೆಯವರಿಗೆ ಸ್ಟೀಲಿನ ಲೋಟ, ಬಂದವರಿಗೆ ಮಾತ್ರ ಹೂವಿನ ಕಪ್ಪು. ಅಕ್ಕಪಕ್ಕದವರು ಸಮಾಧಾನ ಹೇಳಲು ಬಂದಿರಬೇಕು ಎಂದುಕೊಂಡು ಪೂರ್ವಾ ಅದನ್ನೂ ಅಲ್ಲಿಗೇ ಬಿಟ್ಟಳು.

ಮೊಬೈಲು ಗುರುಗುಟ್ಟಿತು. ಅಣ್ಣನ ಕಂಪನಿಯ ಹಣಕಾಸು ಮುಖ್ಯಸ್ಥ ವಿಕಾಸ ನಾಡಗೀರ. ಕುರಕುಂಭದ ರಾಸಾಯನಿಕ ಕಾರ್ಖಾನೆಯ ಲೆಕ್ಕಪತ್ರವೆಲ್ಲ ಪ್ರಲ್ಹಾದನ ಕೈಯಲ್ಲಿತ್ತು. ಪ್ರಲ್ಹಾದನ ಮೇಲೆ ಬಾಣೇರದ ಹೆಡ್ಡಾಫೀಸಿನಲ್ಲಿ ಈ ವಿಕಾಸ.

"ಪೂರ್ವಾ ಅವರ, ನಾನು ಭಾಳ ತಡದೀನ್ರಿ," ಎಂದಿತು ಆ ಕಡೆಯ ಮೆತ್ತನೆಯ ದನಿ. "ಆರು ತಿಂಗಳಿಂದ ಸಾಲ್ವೆಂಟ್ ಟ್ಯಾಂಕರ್ ಮಾಯ ಆಗ್ಯಾವ. ಪ್ರತಿ ತಿಂಗಳು ಅದಕ್ಕೊಂದು ಸುಳ್ಳು ಕಾರಣ ಕೊಟ್ಟಾರ ನಿಮ್ಮ ಅಣ್ಣಾವರು. ಸಂಜೀ ಒಳಗ ಅವರು ಬರಲಿಲ್ಲಂದ್ರ ಪೊಲೀಸರಿಗೆ ಕಂಪ್ಲೇಂಟ್ ಕೊಡೂದು ಅನಿವಾರ್ಯ ಆಗ್ತದ."

"ಕೊಡ್ರಿ," ಎಂದಳು ಪೂರ್ವಾ. "ಪೊಲೀಸರರೆ ಹುಡುಕ್ಯಾರು."

ಹಾಗೆ ಹೇಳಿದ್ದು ಬಾಯಿ. ಒಳಗೆ ಜೀವ ಹಿಡಿಯಷ್ಟಾಗಿತ್ತು. ಪೊಲೀಸರು ಹುಡುಕುವುದು ಓಡಿಹೋದ ಕಳ್ಳನನ್ನು. ಅಂಥವನನ್ನು ನಿಧಾನವಾಗಿ ಹುಡುಕಿದರೂ ನಡೆಯುತ್ತದೆ. ಸಕ್ಕರೆ ಏರಿ ಎಲ್ಲೋ ಪ್ರಜ್ಞೆ ತಪ್ಪಿ ಬಿದ್ದಿರಬಹುದಾದ ಅಣ್ಣನಿಗೆ ಅಷ್ಟು ಪುರುಸೊತ್ತು ಎಲ್ಲಿದೆ?

* * *

ಕರ್ವೇ ಪುತ್ಥಳಿಯ ಹತ್ತಿರದ ಅಮೃತತುಲ್ಯ ಚಹಾದಂಗಡಿಯ ಮೂಲೆಯ ಬೆಂಚಿನಲ್ಲಿ ಒಂದು ಹುಡುಗಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕೂತಿದ್ದಳು. ಮುಖದ ಅರ್ಧ ಓಢಣಿಯೊಳಗೆ. ಪುಣೆಯಲ್ಲಿ ಸ್ಕೂಟರ್ ಓಡಿಸುವ ಹುಡುಗಿಯರೆಲ್ಲ ಹಾಗೆಯೇ ಮುಖ ಸುತ್ತಿಕೊಳ್ಳುತ್ತಾರೆ, ಆದ್ದರಿಂದ ಯಾರೂ ತಿರುಗಿ ನೋಡಲಿಲ್ಲ.

"ರಂಜಿನಿ?"

"ಹೂಂ ಮೇಡಂ. ಬೇಗ ಮುಗಿಸಿಬಿಡಿ ಪ್ಲೀಸ್. ಡಾಕ್ಟರ್ ಹತ್ರ ಹೋಗ್ತೀನಿ ಅಂತ ಸುಳ್ಳು ಹೇಳಿ ಬಂದಿದೀನಿ."

ಮಳವಳ್ಳಿ ಕಡೆಯ ಹುಡುಗಿ, ವಿಕಾಸನ ಕೈಕೆಳಗೆ ಕೆಲಸ. ಪ್ರಲ್ಹಾದ ಕಾಣೆಯಾದ ದಿನದಿಂದ ನಿದ್ದೆ ಮಾಡಿಲ್ಲವೆಂದು ಅವಳ ಕಣ್ಣೇ ಹೇಳುತ್ತಿತ್ತು. ನಿನ್ನೆ ಅವಳೇ ಪೂರ್ವಾಳ ನಂಬರ್ ಹುಡುಕಿ ಮೆಸೇಜು ಕಳಿಸಿದ್ದಳು: ಸರ್ ಕಳ್ಳರಲ್ಲ, ಸಿಕ್ಕಿ ಮಾತಾಡ್ತೀನಿ.

"ಮೊದಲಿಂದ ಹೇಳವಾ," ಎಂದಳು ಪೂರ್ವಾ. "ನಾ ಲೆಕ್ಕದಾಕಿ ಅಲ್ಲ."

"ಸಿಂಪಲ್ ಮೇಡಂ. ಪ್ರತಿ ತಿಂಗಳು ಫ್ಯಾಕ್ಟರಿ ಲೆಕ್ಕ ಬರುತ್ತೆ. ಬಜೆಟ್ ಇಷ್ಟಿತ್ತು, ಖರ್ಚು ಇಷ್ಟಾಯ್ತು. ಮಧ್ಯೆ ಗ್ಯಾಪ್ ಜಾಸ್ತಿ ಇದ್ರೆ, ಯಾಕೆ ಅಂತ ಒಂದು ಕಾರಣ ಬರೀಬೇಕು. ಮೊದಲು ಕಾರಣ ಎಲ್ಲಾ ನಿಮ್ಮಣ್ಣ ಬರೀತಿದ್ರು. ಈ ವರ್ಷದಿಂದ ಎಐ ಬರಿಯುತ್ತೆ. ಆಫೀಸಲ್ಲಿ ಎಲ್ಲರೂ ಅದನ್ನ ಗುರೂಜಿ ಅಂತಾರೆ."

"ಗುರೂಜಿ?"

"ಪೂಜೆಗೆ ಬರೋ ಗುರೂಜಿ ಇರ್ತಾರಲ್ಲ ಮೇಡಂ, ಏನ್ ಕೇಳಿದ್ರೂ ಕಾರಣ ರೆಡಿ ಇರುತ್ತೆ. ಮದುವೆ ಯಾಕೆ ಆಗಿಲ್ಲ, ಬೋರ್‌ವೆಲ್ ಯಾಕೆ ಬತ್ತಿತು. ಹಾಗೇನೇ."

ಬೇರೆ ದಿನವಾಗಿದ್ದರೆ ಪೂರ್ವಾ ನಗುತ್ತಿದ್ದಳು. "ಆ ಗುರೂಜಿಗೆ ವಿದ್ಯಾ ಕಲಿಸಿದವರು ಯಾರು?"

ರಂಜಿನಿ ತಲೆ ತಗ್ಗಿಸಿದಳು. "ನಿಮ್ಮಣ್ಣನೇ. ಅಂದ್ರೆ ಅವರು ಅಷ್ಟು ವರ್ಷ ಬರೆದ ಕಾರಣಗಳನ್ನೆಲ್ಲ ನಾನು ಅದಕ್ಕೆ ಕೊಟ್ಟು ಕಲಿಸಿದೆ. ಅವರದ್ದೇ ಬೆಸ್ಟ್ ಇದ್ವು. ಈಗ ಅದು ಅವರ ಥರಾನೇ ಬರಿಯುತ್ತೆ, ಕೆಳಗೆ ಸಹಿ ಜಾಗದಲ್ಲಿ ಅವರ ಹೆಸರೇ ಬರುತ್ತೆ."

ಅವಳು ಲ್ಯಾಪ್‌ಟಾಪ್ ತೆರೆದು ತಿರುಗಿಸಿದಳು. ಎಡಗಡೆ ಪ್ರಲ್ಹಾದನ ಹಳೆಯ ಬರಹ, ಬಲಗಡೆ ಗುರೂಜಿಯದು. ಎರಡೂ ಇಂಗ್ಲಿಷಿನಲ್ಲಿದ್ದವು. ಆದರೆ ಎಡಗಡೆಯ ಮೊದಲ ಸಾಲು ಓದುತ್ತಿದ್ದಂತೆ ಪೂರ್ವಾಳಿಗೆ ಅಣ್ಣನ ದನಿಯೇ ಕಿವಿಗೆ ಬಿತ್ತು.

ಕಲ್ಲಿದ್ದಲು ಹಸಿಯಿತ್ತು, ಹೆಚ್ಚು ಸುಡಬೇಕಾಯಿತು. ಕೇಳಿದ್ದು: ಗೂಳಪ್ಪ, ಬಾಯ್ಲರ್.

ಕ್ಯಾಂಟೀನಿನ ಎಣ್ಣೆ ಖರ್ಚು ಏರಿದ್ದು ಡಬ್ಬಿ ಸೋರಿದ್ದರಿಂದ. ಕೇಳಿದ್ದು: ಯಮನವ್ವ, ಅಡಿಗೆ ಮನೆ.

ಪ್ರತಿ ಕಾರಣದ ಕೊನೆಗೂ ಒಬ್ಬ ಮನುಷ್ಯ. ಪೂರ್ವಾಳ ಕಣ್ಣು ಮಂಜಾಯಿತು. ಮನೆಯಲ್ಲೂ ಅವನದು ಇದೇ ಕಾಟ. ಹಾಲು ಯಾಕೆ ಬಂದಿಲ್ಲ ಎಂಬುದಕ್ಕೆ ಗಾಡಿ ತಡ ಆಗಿರಬೇಕು ಎಂದು ಯಾರಾದರೂ ಅಂದರೆ ಸಾಕು, "ಯಾರನ್ನ ಕೇಳಿದಿ?" ಎಂದು ಎಗರಿ ಬೀಳುತ್ತಿದ್ದ. ಕೇಳದೆ ಕಾರಣ ಹೇಳುವುದು ಅವನ ಪ್ರಕಾರ ಚಾಡಿ ಹೇಳುವುದಕ್ಕೆ ಸಮ. ಸಣ್ಣವಳಿದ್ದಾಗ ಈ ಪ್ರಶ್ನೆಗೆ ಎಷ್ಟು ಸಲ ಅವಳು ಸಿಟ್ಟಿನಿಂದ ಕಾಲು ಅಪ್ಪಳಿಸಿದ್ದಳೋ. ಈಗ ಅದೇ ಪ್ರಶ್ನೆಯನ್ನು ಆ ಬಾಯಿಂದ ಇನ್ನೊಂದು ಸಲ ಕೇಳಿದರೆ ಸಾಕಾಗಿತ್ತು.

ಬಲಗಡೆ ಕಣ್ಣು ಹೊರಳಿಸಿದಳು. ಸಾಲ್ವೆಂಟ್ ಹೆಚ್ಚು ಖರ್ಚಾಗಿದ್ದು ಕೊಳವೆ ತೊಳೆದದ್ದರಿಂದ. ಹಳೆಯ ಡ್ರಮ್ಮುಗಳ ಸೋರಿಕೆಯಿಂದ. ಬಿಸಿಲಿನ ತಾಪಕ್ಕೆ ಆವಿಯಾದದ್ದರಿಂದ.

"ಇದು ಯಾವ ತಿಂಗಳದ್ದು?"

"ಜುಲೈ."

"ಜುಲೈದಾಗ ಬಿಸಿಲೆಲ್ಲಿತ್ತು?"

ರಂಜಿನಿ ಬಗ್ಗಿ ಮತ್ತೊಮ್ಮೆ ಓದಿದಳು. ಛತ್ರಿ ಹಿಡಿದುಕೊಂಡೇ ಆಫೀಸಿಗೆ ಬಂದವರೆಲ್ಲ ಆ ಸಾಲನ್ನು ದಾಟಿ ಮುಂದೆ ಹೋಗಿದ್ದರು. ಓದಿದರೆ ಅಷ್ಟು ನುಣುಪಾಗಿತ್ತು ಅದು.

"ಇವುಕ್ಕ ಮನಷ್ಯಾರ ಹೆಸರು ಯಾಕಿಲ್ಲ?" ಪೂರ್ವಾ ಪರದೆಗೆ ಬೆರಳು ಒತ್ತಿದಳು. "ಅಣ್ಣನ ಹಂಗ ಬರೀತದ ಅಂದಿ. ಅಣ್ಣ ಕೇಳಿದ್ದು ಯಾರನ್ನ ಅಂತ ಬರೀದ ಬಿಡಾವ ಅಲ್ಲ."

"ಅದಕ್ಕೆ ಹೆಸರು ಬರಿಯೋ ಪರ್ಮಿಷನ್ ಇಲ್ಲ ಮೇಡಂ. ಕಂಪನಿ ರೂಲ್. ಕಲಿಸೋವಾಗ ಹಳೇದರಲ್ಲಿದ್ದ ಹೆಸರನ್ನೆಲ್ಲ ನಾನೇ ತೆಗೆಸಿದೆ. ಯಾರ ಹೆಸರೂ ಅದರ ಬಾಯಲ್ಲಿ ಬರಲ್ಲ."

"ಅಂದ್ರ ಒಂದು ಸಾಲಿನಾಗ ಹೆಸರು ಇತ್ತಂದ್ರ?"

"ಯಾರೋ ಮನುಷ್ಯರು ಕೈಯಿಂದ ಟೈಪ್ ಮಾಡಿದಾರೆ ಅಂತ."

ಪೂರ್ವಾಳಿಗೆ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು. ಸಾಲ್ವೆಂಟಿನ ಸಾಲುಗಳಲ್ಲಿ ಒಂದಕ್ಕೂ ಹೆಸರಿರಲಿಲ್ಲ. ಅವು ಅಣ್ಣನ ಸುಳ್ಳುಗಳಲ್ಲ.

"ಆದ್ರೆ ಮೇಡಂ..." ರಂಜಿನಿಯ ದನಿ ಕುಗ್ಗಿತು. "ಎಲ್ಲಾ ರಿಪೋರ್ಟನ್ನೂ ಅವರು ಅಕ್ಸೆಪ್ಟ್ ಮಾಡಿದಾರೆ. ಕ್ಯಾಮೆರಾಗೆ ಮುಖ ತೋರಿಸಿದ್ರೇನೇ ಅಕ್ಸೆಪ್ಟ್ ಆಗೋದು. ಅದಕ್ಕೆ ಮೊದಲು ಬೇಕಾದ್ರೆ ಒಂದೆರಡು ಪದ ತಿದ್ದಬಹುದು. ಯಾರೂ ತಿದ್ದಲ್ಲ. ಒಂದು ಬಟನ್ ಒತ್ತಿದ್ರೆ ಎಲ್ಲಾ ಸಾಲೂ ಒಪ್ಪಿದ ಹಾಗೆ. ಯಾರೂ ಓದಲ್ಲ ಮೇಡಂ. ನಾನೂ ಓದ್ತಿರಲಿಲ್ಲ. ಓದಿದ್ರೆ..." ಅವಳು ಓಢಣಿಯಿಂದ ಮೂಗು ಒರೆಸಿಕೊಂಡಳು. "ಹೋದ ವಾರ ಸರ್ ಫೋನ್ ಮಾಡಿ, ಆ ಗುರೂಜಿ ಯಾರನ್ನ ಕೇಳ್ಯಾನವಾ ಅಂದ್ರು. ಯಾರನ್ನೂ ಕೇಳಲ್ಲ ಸರ್, ಬರೀ ಡೇಟಾ ನೋಡುತ್ತೆ ಅಂದೆ. ಆಮೇಲೆ, ಹಂಗಾದ್ರ ನಾ ಹೋಗಿ ಕೇಳ್ತೀನಿ ಅಂದ್ರು."

"ಯಾರನ್ನ?"

"ಅದನ್ನ ಹೇಳಲಿಲ್ಲ. ಸೋಮವಾರದಿಂದ ಫೋನ್ ಸ್ವಿಚ್ಡ್ ಆಫ್."

"ಈ ತಿಂಗಳ ರಿಪೋರ್ಟ್ ಎಲ್ಲೆ?"

"ವಿಕಾಸ್ ಸರ್ ಲಾಕ್ ಮಾಡಿದಾರೆ. ಯಾರಿಗೂ ಕಾಣಲ್ಲ."

ಪೂರ್ವಾ ಚಹಾ ಮುಟ್ಟದೆ ಎದ್ದಳು. ಸಂಜೆಗೆ ಇನ್ನೂ ಸಮಯವಿತ್ತು, ಆದರೆ ಅಷ್ಟೇನೂ ಇರಲಿಲ್ಲ.

* * *

"ಬರ್ರಿ ಪೂರ್ವಾ ಅವರ, ಕೂಡ್ರಿ. ಚಹಾ ತರಸ್ಲೇನು?"

ವಿಕಾಸ ನಾಡಗೀರನ ಕೋಣೆಯ ಗಾಜಿನಾಚೆ ಬಾಣೇರದ ಟ್ರಾಫಿಕ್ಕು ಸದ್ದಿಲ್ಲದೆ ತೆವಳುತ್ತಿತ್ತು. ಬೆಳಗಾವಿಯ ಮನುಷ್ಯ. ಇಸ್ತ್ರಿ ಮುರಿಯದ ಅಂಗಿ, ಯಾವ ಮಾತಿಗೂ ಏರದ ದನಿ. ಇಂಥವರ ಎದುರು ಕೂತರೆ ನಮ್ಮ ದನಿಯೇ ನಮಗೆ ಒರಟಾಗಿ ಕೇಳುತ್ತದೆ.

"ಚಹಾ ಬ್ಯಾಡ್ರಿ." ಪೂರ್ವಾ ಕೂರಲೂ ಇಲ್ಲ. "ಸಾಲ್ವೆಂಟಿನ ಕಾರಣ ಒಂದೂ ನಮ್ಮ ಅಣ್ಣ ಬರದದ್ದಲ್ಲ. ಅವ ಬರದ್ರ ಯಾರನ್ನ ಕೇಳಿದೆ ಅಂತ ಹೆಸರು ಇರ್ತದ. ಅವುಕ್ಕ ಹೆಸರಿಲ್ಲ. ನಿಮ್ಮ ಮಷಿನ್ ಬರದದ್ದು ಅವು."

"ಯಾರು ಹೇಳಿದ್ರು ನಿಮಗ ಇದನ್ನ?"

"ನಾ ಹುಡುಕೂದೇ ಕೆಲಸಾ ಮಾಡಾಕಿರಿ."

ವಿಕಾಸ ನಕ್ಕ. ನಗೆಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆದರಿಸಿತು. "ಒಪ್ಪಿದೆ. ಮಷಿನ್ ಬರೀತು. ಆದರ ಮುಖ ಯಾರದರಿ?"

ಅವನು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ಹೊರಳಿಸಿದ. ಸಾಲಾಗಿ ಅಂಚೆಚೀಟಿಯಷ್ಟು ಸಣ್ಣ ಚಿತ್ರಗಳು, ಪ್ರತಿ ತಿಂಗಳಿಗೊಂದು. ಎಲ್ಲದರಲ್ಲೂ ಪ್ರಲ್ಹಾದ. ಒಂದರಲ್ಲಿ ಆಕಳಿಸುತ್ತಿದ್ದಾನೆ, ಒಂದರಲ್ಲಿ ಕಿವಿಗೆ ಫೋನು ಹಿಡಿದಿದ್ದಾನೆ, ಒಂದರಲ್ಲಿ ಯಾರ ಜೊತೆಗೋ ಮಾತಾಡುತ್ತ ಅರ್ಧ ತಿರುಗಿದ್ದಾನೆ. ಪರದೆಯ ಮೇಲಿನದನ್ನು ಓದುತ್ತಿರುವ ಮುಖ ಒಂದೂ ಇರಲಿಲ್ಲ.

"ಕೋರ್ಟಿನಾಗ ಹೆಸರಿಲ್ಲ, ಕೇಳಿಲ್ಲ ಅಂದ್ರ ನಡೀತದೇನ್ರಿ? ಒಪ್ಪಿದ್ದು ಅವರ ಮುಖ."

ಇಷ್ಟು ಹೊತ್ತು ಗಟ್ಟಿಯಾಗಿ ಹಿಡಿದಿದ್ದ ಎಳೆ ಕೈಯಲ್ಲೇ ತುಂಡಾಗಿತ್ತು. ಪೂರ್ವಾ ಕುರ್ಚಿಯ ಬೆನ್ನು ಹಿಡಿದುಕೊಂಡು, ತನ್ನ ಕಸುಬನ್ನೂ ಬಿಂಕವನ್ನೂ ಪಕ್ಕಕ್ಕಿಟ್ಟು ಬೇಡಿಕೊಂಡಳು.

"ಕಳ್ಳ ಅನ್ರಿ ಬೇಕಾದ್ರ. ಜೇಲಿಗೆ ಹಾಕ್ರಿ. ನಾ ಅಡ್ಡ ಬರೂದಿಲ್ಲ. ಅವಗ ಇನ್ಸುಲಿನ್ ಬೇಕ್ರಿ. ಡಬ್ಬಿ ಮನ್ಯಾಗ ಅದ. ಔಷಧ ಇಲ್ಲದ ಅವ ಉಳಿಯೂದಿಲ್ಲ. ನಿಮ್ಮ ಮಂದಿ ಭಾಳ ಅದಾರ, ಗಾಡಿ ಅದಾವ. ಮೊದಲ ಹುಡುಕ್ರಿ, ಆಮ್ಯಾಲೆ ಏನರೆ ಮಾಡ್ರಿ."

"ಅದರ ಚಿಂತಿ ಬಿಡ್ರಿ," ಎಂದ ವಿಕಾಸ, ಮಗುವನ್ನು ಸಂತೈಸುವ ಹಾಗೆ. "ಅವರು ಆರಾಮ ಅದಾರ."

"ಏನು?"

"ನಿನ್ನೆ ಮಧ್ಯಾಹ್ನ ಈ ತಿಂಗಳ ರಿಪೋರ್ಟ್ ಒಪ್ಪಿ ಕಳಿಸ್ಯಾರ. ನೀವು ಜೇಜುರಿ ಮೆಟ್ಟಲಾ ಹುಡುಕಲಿಕ್ಕೆ ಹತ್ತಿದ್ರಿ, ಅವರು ಎಲ್ಲೋ ಕೂತು ಕೆಲಸಾ ಮಾಡಲಿಕ್ಕೆ ಹತ್ಯಾರ. ನೋಡ್ರಿ, ನೀವೇ ನೋಡ್ರಿ."

ಪರದೆಯ ಮೇಲೆ ಇನ್ನೊಂದು ಮುಖ ತೆರೆಯಿತು. ಗಡ್ಡ ಬೆಳೆದಿತ್ತು. ತುಟಿ ಒಣಗಿತ್ತು. ಹಿಂದೆ ಸುಣ್ಣ ಹಚ್ಚಿದ ಬರಿ ಗೋಡೆ. ಅಣ್ಣ ಬದುಕಿದ್ದ. ಪೂರ್ವಾಳಿಗೆ ಆ ಪರದೆಯನ್ನು ತಬ್ಬಿಕೊಳ್ಳಬೇಕು ಎನ್ನಿಸಿತು, ಅತ್ತುಬಿಡಬೇಕು ಎನ್ನಿಸಿತು. ಮರುಕ್ಷಣ ಅವಳು ಆ ಕಣ್ಣುಗಳನ್ನು ನೋಡಿದಳು. ಈ ಚಿತ್ರದಲ್ಲಿ ಮಾತ್ರ ಪ್ರಲ್ಹಾದ ಆಕಳಿಸುತ್ತಿರಲಿಲ್ಲ, ತಿರುಗಿರಲಿಲ್ಲ. ಕ್ಯಾಮೆರಾವನ್ನೇ ನೆಟ್ಟು ನೋಡುತ್ತಿದ್ದ.

"ಓದ್ರಿ," ಎಂದ ವಿಕಾಸ. "ನಿಮ್ಮಿಂದ ಮುಚ್ಚಿಡೂದು ಏನದ?"

ಅವಳು ಓದಿದಳು. ವಿದ್ಯುತ್ತು, ನೀರು, ಕಲ್ಲಿದ್ದಲು, ಸಾಲ್ವೆಂಟು. ಎಲ್ಲ ಕಡೆ ಗುರೂಜಿಯ ನುಣುಪು ಮಾತು, ಎಲ್ಲೂ ಒಂದು ನರಪಿಳ್ಳೆಯ ಹೆಸರಿಲ್ಲ. ಕೆಳಕ್ಕೆ, ಇನ್ನೂ ಕೆಳಕ್ಕೆ. ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆಂದು ಇಟ್ಟ ಪುಟ್ಟ ಖರ್ಚಿನ ಸಾಲಿಗೆ ಬಂದಾಗ ಅವಳ ಕಣ್ಣು ನಿಂತುಬಿಟ್ಟಿತು.

ಔಷಧಗಳ ವೆಚ್ಚ ಬಜೆಟ್ಟಿಗಿಂತ ಹೆಚ್ಚಾಗಿದ್ದು ಬೆಲೆ ಏರಿಕೆಯಿಂದ. ಕೇಳಿದ್ದು: ಇಂದೂ.

ಪೂರ್ವಾ ಕಣ್ಣು ರೆಪ್ಪೆ ಹೊಡೆಯದಂತೆ ಹಿಡಿದುಕೊಂಡು, ಮುಂದಿನ ಸಾಲು, ಅದರ ಮುಂದಿನ ಸಾಲು ಓದುವಂತೆ ನಟಿಸಿದಳು. ಗುರೂಜಿಯ ಬಾಯಲ್ಲಿ ಹೆಸರು ಬರುವುದಿಲ್ಲ. ಇದು ಅಣ್ಣನ ಕೈ. ಯಾರೋ ಕಾಯುತ್ತ ನಿಂತಿರುವಾಗ, ಮುಖ ತೋರಿಸುವ ಮೊದಲು, ಅವನಿಗೆ ಸಿಕ್ಕಿದ್ದು ಎರಡು ಪದದ ಜಾಗ. ಅಷ್ಟರಲ್ಲೇ ಅವನು ಔಷಧದ ಸಾಲನ್ನು ಹುಡುಕಿ ಹೆಂಡತಿಯ ಹೆಸರು ಬರೆದಿದ್ದ.

"ಪೂರ್ವಾ ಅವರ," ಎಂದ ವಿಕಾಸ ಪೆನ್ನಿನ ಮುಚ್ಚಳ ಹಾಕುತ್ತ, "ಈ ಇಂದೂ ಅಂದ್ರ ಯಾರ್ರಿ?"

ಅವಳು ತಲೆಯೆತ್ತಿದಳು. ಕೇಳಿದ ರೀತಿಯಲ್ಲಿ ಏನೂ ವಿಶೇಷವಿರಲಿಲ್ಲ. ಆಫೀಸಿನವರಿಗೆ ಪ್ರಲ್ಹಾದನ ಹೆಂಡತಿಯ ಹೆಸರು ಗೊತ್ತಿರಬೇಕೆಂದೇನಿಲ್ಲ, ಅವರ ಬಾಯಲ್ಲಿ ಅವಳು ಬರೀ ಮಿಸೆಸ್.

"ಯಾರಿಗೆ ಗೊತ್ರಿ," ಎಂದಳು ಪೂರ್ವಾ. "ನಿಮ್ಮ ಕಾರ್ಖಾನಿ ನರ್ಸಬಾಯಿ ಇರಬೇಕು."

"ಇರಬಹುದು, ಇರಬಹುದು." ವಿಕಾಸ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. "ಹೋಗಲಿ ಬಿಡ್ರಿ. ರಿಪೋರ್ಟ್ ಬಂತಲ್ಲ. ಇನ್ನ ಅವರ ಕೆಲಸ ಮುಗೀತು. ನೀವು ಈಗ ಮನೀಗೇನು?"

"ಇಲ್ರಿ. ಜೇಜುರಿಗೆ."

"ಹುಷಾರ್ರಿ," ಎಂದ ಅವನು.

* * *

ಅಣ್ಣನ ಮನೆಯ ಕಡೆ ಹೊರಟ ರಿಕ್ಷಾ ಚಾಂದಣಿ ಚೌಕಿನ ಇಳಿಜಾರಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಬಸ್ಸು, ಪಕ್ಕದಲ್ಲಿ ಲಾರಿ, ಹಿಂದೆ ಹಾರ್ನುಗಳ ಕಿರಿಚಾಟ. ಪೂರ್ವಾ ಚಾಲಕನ ಬೆನ್ನು ತಟ್ಟಿ ಮರಾಠಿಯಲ್ಲಿ ಅಂಗಲಾಚಿದಳು. ಅವನು ಕೈಯೆತ್ತಿ ಎದುರಿನ ಬಸ್ಸನ್ನು ತೋರಿಸಿದ.

ಇನ್ನ ಅವರ ಕೆಲಸ ಮುಗೀತು. ಆ ಮಾತು ಅವಳ ಕಿವಿಯಲ್ಲಿ ಕೂತುಬಿಟ್ಟಿತ್ತು. ಯಾರು ಅಣ್ಣನನ್ನು ಇಟ್ಟುಕೊಂಡಿದ್ದಾರೋ ಅವರಿಗೆ ಬೇಕಾಗಿದ್ದು ಕ್ಯಾಮೆರಾದ ಎದುರು ಒಂದು ಮುಖ. ಈ ತಿಂಗಳ ಸುಳ್ಳಿಗೂ ಅದು ಸಿಕ್ಕಾಯಿತು. ಮುಖ ಸಿಕ್ಕ ಮೇಲೆ ಮನುಷ್ಯನನ್ನು ಔಷಧ ಕೊಟ್ಟು ಸಾಕುವ ಕರ್ಮ ಅವರಿಗೇನಿದೆ? ಏನೂ ಮಾಡಬೇಕಾಗಿಲ್ಲ, ಸೂಜಿಯೊಂದನ್ನು ಕೊಡದಿದ್ದರೆ ಸಾಕು. ಆಮೇಲೆ ಜೇಜುರಿಯ ಗುಡ್ಡದ ಸೆರಗಿನಲ್ಲಿ ಎಲ್ಲೋ ಹೆಣ ಸಿಕ್ಕರೆ, ಕದ್ದು ಓಡಿಹೋದವನು ಔಷಧವಿಲ್ಲದೆ ಸತ್ತ ಎಂದು ಪತ್ರಿಕೆಯ ಮೂಲೆಯಲ್ಲಿ ಮೂರು ಸಾಲು ಬರುತ್ತದೆ. ಖಂಡೋಬಾ, ಅಷ್ಟು ಮಾಡಬೇಡಪ್ಪ ಎಂದು ಅವಳು ಮನಸ್ಸಿನಲ್ಲೇ ಕೈಮುಗಿದಳು.

ಔಷಧ. ಇಂದೂ. ಮೂರು ದಿನ ಸೂಜಿ ಇಲ್ಲದ ಮನುಷ್ಯ ಅಷ್ಟು ನೆಟ್ಟಗೆ ಕೂತು ಕ್ಯಾಮೆರಾ ನೋಡಲಾರ. ಅವನಿಗೆ ಔಷಧ ಸಿಕ್ಕಿತ್ತು. ಹಾಗಾದರೆ ಬೆಣ್ಣೆಯ ಖಾನೆಯಲ್ಲಿ, ತಾನು ಮುಟ್ಟದೆ ಬಿಟ್ಟ ಆ ಡಬ್ಬಿಯಲ್ಲಿ ಇರುವುದೇನು?

ಮೆಟ್ಟಿಲು ಹತ್ತಿ, ಅಭ್ಯಾಸಬಲದಿಂದ ಚಪ್ಪಲಿಗಳನ್ನು ಬಾಗಿಲ ಹೊರಗೇ ಕಳಚಿ, ಗಂಟೆಯ ಮೇಲಿಟ್ಟ ಬೆರಳನ್ನು ತೆಗೆಯದೆ ನಿಂತಳು. ಇಂದೂ ಬಾಗಿಲು ತೆರೆದದ್ದೇ ತಡ, ಅವಳನ್ನು ಸರಿಸಿಕೊಂಡು ಅಡಿಗೆ ಮನೆಗೆ ನಡೆದು ಫ್ರಿಜ್ಜು ತೆಗೆದಳು.

"ಪೂರ್ವಾ, ಬ್ಯಾಡ..."

ಡಬ್ಬಿಯೊಳಗೆ ಪೆನ್ನುಗಳಿದ್ದವು. ಎಲ್ಲ ಹಳೆಯವು, ಬಳಸಿ ಮುಗಿದವು. ಗಾಜಿನ ಕೊಳವೆಗಳಲ್ಲಿ ಒಂದು ಹನಿಯೂ ಇರಲಿಲ್ಲ.

"ಹೊಸಾವು ಎಲ್ಲೆ ವೈನಿ?"

ಇಂದೂ ಗೋಡೆಗೆ ಒರಗಿದಳು. ಬೆಳಿಗ್ಗೆಯಿಂದ ತಡೆದಿದ್ದು ಕಟ್ಟೆಯೊಡೆಯಿತು. ಬಾಯಿಗೆ ಸೆರಗು ತುರುಕಿಕೊಂಡು, ದನಿ ಹೊರಗೆ ಹೋಗದಂತೆ ಅತ್ತಳು. ಪೂರ್ವಾಳಿಗೆ ಸಿಟ್ಟು ಬಂದಿತ್ತು, ಆದರೆ ಆ ಹೆಂಗಸಿನ ಅಳು ನೋಡಿ ಅದು ಉಳಿಯಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡಳು.

"ಅಣ್ಣ ಬದುಕ್ಯಾನ. ಫೋಟೋ ನೋಡಿ ಬಂದೆ. ನಿಮ್ಮನ್ನ ಕೇಳು ಅಂತ ಬರದು ಕಳಿಸ್ಯಾನ. ಅದಕ್ಕ ಕೇಳ್ಲಿಕತ್ತೀನಿ. ಔಷಧ ಯಾರ ಕೈಯಾಗ ಕೊಟ್ರಿ?"

"ಯಾರಿಗೂ ಹೇಳಬ್ಯಾಡ ಅಂದಾರ, ಪೂರ್ವಾ. ನಿನಗಂತೂ ಹೇಳಲೇಬ್ಯಾಡ ಅಂದಾರ. ಹೇಳಿದ್ರ ಆವತ್ತಿಂದ ಸೂಜಿ ನಿಮ್ಮ ಅಣ್ಣಾವರ ಕೈ ಮುಟ್ಟೂದಿಲ್ಲ ಅಂದಾರ. ನಾ ಏನು ಮಾಡ್ಲಿ? ನಿನ್ನ ಮುಂದ ಸುಳ್ಳು ಹೇಳಿದ್ರ ಅವರು ಉಳೀತಾರ ಅಂತಿದ್ರ, ದೇವರ ಮುಂದೂ ಹೇಳ್ತಿದ್ದೆ."

"ಯಾರಂದ್ರು?"

"ಮಂಗಳವಾರ ಮುಂಜಾನೆ ಮನೀಗೇ ಬಂದಿದ್ರು. ಇಲ್ಲೇ, ಈ ಕುರ್ಚಿ ಮ್ಯಾಲೆ ಕೂತು ಚಹಾ ಕುಡದ್ರು. ಭಾಳ ಸಾವಕಾಶ ಮಾತಾಡಿದ್ರು. ನನ್ನ ಹೆಸರ ಹಿಡಿದು, ಇಂದೂ ಅವರ, ಹೆದರಬ್ಯಾಡ್ರಿ, ಎರಡು ದಿನದ ಮಾತು ಅಂದ್ರು." ಇಂದೂ ಮೂಗೆಳೆದುಕೊಂಡಳು. "ವಿಕಾಸ ಅವರು."

ಪೂರ್ವಾ ಜಾಳಿಗೆಯ ಕಡೆ ತಿರುಗಿದಳು. ಹೂವಿನ ಕಪ್ಪು, ಬಶಿ ಬೆಳಿಗ್ಗೆ ಇದ್ದಲ್ಲೇ ಬೋರಲಾಗಿದ್ದವು.

ಇಂದೂ ಅಂದ್ರ ಯಾರ್ರಿ ಎಂದು ಕೇಳಿದವನು ಈ ಮನೆಯಲ್ಲಿ ಇಂದೂ ಕೈಯ ಚಹಾ ಕುಡಿದು ಹೋಗಿದ್ದ. ಅವನಿಗೆ ಆ ಹೆಸರಿನ ಅರ್ಥ ಬೇಕಿರಲಿಲ್ಲ. ಆ ಸಾಲನ್ನು ಅವನೂ ಓದಿದ್ದ. ಪೂರ್ವಾಳಿಗೆ ತಿಳಿಯಿತೋ ಇಲ್ಲವೋ ಎಂದು ನೋಡಲು ಪರದೆ ತಿರುಗಿಸಿ, ಓದಲು ಬಿಟ್ಟು, ಆಮೇಲೆ ಕೇಳಿದ. ಸ್ವಂತ ವೈನಿಯ ಹೆಸರೇ ಗೊತ್ತಿಲ್ಲ ಎಂದು ಹೇಳಿ, ನರ್ಸಬಾಯಿ ಇರಬೇಕೆಂದು ಕತೆ ಕಟ್ಟಿ, ತನಗೆ ಎಲ್ಲ ತಿಳಿಯಿತೆಂದು ಅವಳೇ ಅವನಿಗೆ ತಿಳಿಸಿ ಬಂದಿದ್ದಳು.

"ಎಷ್ಟು ಕೊಟ್ಟಿದ್ರಿ ವೈನಿ? ಎಲ್ಲಿತನಕ ಸಾಕಾಗ್ತದ?"

"ಮನ್ಯಾಗ ಉಳದದ್ದು ಒಂದೇ ಇತ್ತು. ಇವತ್ತಿಗೆ ತೀರ‍್ತದ." ಇಂದೂ ಫ್ರಿಜ್ಜಿನ ಕೆಳಗಿನ ತರಕಾರಿ ಟ್ರೇ ಎಳೆದು, ಕೊತ್ತಂಬರಿ ಕಟ್ಟಿನಡಿಯಿಂದ ಸೀಲು ಒಡೆಯದ ಹೊಸ ಡಬ್ಬಿ ತೆಗೆದಳು. "ಮೆಡಿಕಲ್ಲಿನಿಂದ ತಂದಿಟ್ಟೀನಿ. ಇವತ್ತ ಮತ್ತ ಬಂದು ಒಯ್ತೀನಿ ಅಂದಾರ."

"ಯಾವಾಗ?"

ಉತ್ತರ ಕೊಟ್ಟದ್ದು ಬಾಗಿಲ ಗಂಟೆ.

ಪೂರ್ವಾ ತುಟಿಗೆ ಬೆರಳಿಟ್ಟು, ಬರಿಗಾಲಿನಲ್ಲಿ ಅಡಿಗೆ ಮನೆಯ ಬಾಗಿಲ ಸಂದಿಗೆ ಸರಿದಳು. ತಾನು ಇಲ್ಲಿಲ್ಲ, ಜೇಜುರಿಯ ದಾರಿಯಲ್ಲಿದ್ದೇನೆ. ಇಂದೂ ಡಬ್ಬಿ ಕೊಟ್ಟು ಬಾಗಿಲು ಹಾಕಿಕೊಳ್ಳಲಿ, ಅವನು ಇಳಿದು ಹೋಗಲಿ, ತಾನು ಬೆನ್ನು ಹತ್ತಬೇಕು. ಆ ಡಬ್ಬಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಅಣ್ಣನಿದ್ದಾನೆ. ಕೈಸನ್ನೆಯಲ್ಲೇ ಅಷ್ಟನ್ನೂ ಹೇಳಿ, ವೈನಿಯನ್ನು ಮುಂಬಾಗಿಲಿನ ಕಡೆ ಮೆಲ್ಲಗೆ ದೂಡಿದಳು.

ಇಂದೂ ಕಣ್ಣೊರೆಸಿಕೊಂಡು, ಡಬ್ಬಿಯನ್ನು ಎದೆಗೊತ್ತಿ ಹಿಡಿದು ನಾಲ್ಕು ಹೆಜ್ಜೆ ಹೋದಳು. ಚಿಲಕಕ್ಕೆ ಕೈ ಹಾಕುವ ಮೊದಲೇ ಹೊರಗಿನಿಂದ ಆ ಮೆತ್ತನೆಯ, ಯಾವತ್ತೂ ಏರದ ದನಿ ಕೇಳಿಸಿತು.

"ಇಂದೂ ಅವರ, ನಾನ್ರಿ. ಬಾಗಲಾ ತಗೀರಿ. ಪೂರ್ವಾ ಅವರನ್ನೂ ಕರೀರಿ, ಅವರ ಚಪ್ಪಲಿ ಇಲ್ಲೇ ಅದಾವ."